ಮಗುವಿನ ತೊದಲುನುಡಿ



ಸಂಜೆ ಹೊಲದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿರುವಾಗ ಒಳಗಿನಿಂದ "ಅಪ್ಪಾ" ಎಂಬ ಕೂಗು ಮೊದಲ ಸಲ ಕೇಳಿಬಂದ ದಿನವನ್ನು ಯಾವ ತಂದೆಯೂ ಮರೆಯಲಾರನು. ಎತ್ತುಗಳಿಗೆ ಕಣಿಕೆ ಹಾಕುವುದು ಆ ದಿನ ತುಸು ತಡವಾಗುತ್ತದೆ. "ಇನ್ನೊಮ್ಮೆ ಅನ್ನು" ಎಂದು ತಂದೆ ಕೇಳುತ್ತಾನೆ; ಕೂಸು ಬಾಯಿ ಬಿಗಿಹಿಡಿದು ನಗುತ್ತದೆ. ತಾಯಿಗೆ ಒಳಗೊಳಗೇ ಸ್ವಲ್ಪ ಅಸಮಾಧಾನ: ಹಗಲೆಲ್ಲ ಹೊತ್ತು ತಿರುಗಿದವಳು ತಾನು, ಕರೆದದ್ದು ಮಾತ್ರ ಅಪ್ಪನನ್ನು! ಮೂಲೆಯಲ್ಲಿ ಕುಳಿತ ಅಜ್ಜಿಯೊಬ್ಬಳು "ಅಪ್ಪಾ ಅಂದಿಲ್ಲ ಅದು, ಹಪ್ಪಳ ಬೇಡಾಕತ್ತೈತಿ" ಎಂದು ಎಲ್ಲರನ್ನೂ ನಗಿಸುತ್ತಾಳೆ.

ಬಿಡಿಗಾಸೂ ಖರ್ಚಿಲ್ಲದೆ ಮನೆಗೆ ಬರುವ ಇಂಥ ಸಂತೋಷಗಳು ಬದುಕಿನಲ್ಲಿ ಬಹಳವಿಲ್ಲ. ಆದರೆ ಮಾತು ಹಾಲುಹಲ್ಲಿನಂತೆ ತನ್ನಷ್ಟಕ್ಕೆ ತಾನೇ ಮೂಡುವ ವಸ್ತುವಲ್ಲ. ಕೇಳುವ ಕಿವಿ ಇರಬೇಕು, ಮಾತನಾಡಿಸುವ ಮನೆ ಇರಬೇಕು. ಇವೆರಡರಲ್ಲಿ ಒಂದು ಇಲ್ಲವಾದರೂ ಮಗುವಿನ ನುಡಿ ಕುಂಠಿತವಾಗುತ್ತದೆ. ಮನೆಯವರು ಏನು ಮಾಡಬಹುದು, ಕಿವಿಯ ದೋಷವನ್ನು ಹೇಗೆ ಬೇಗ ಅರಿಯಬಹುದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಉದಾಹರಣೆಗಾಗಿ ಗದಗ ಜಿಲ್ಲೆಯ ಲಕ್ಕುಂಡಿಯನ್ನೇ ಆರಿಸಿಕೊಂಡಿದ್ದೇವೆ. ಗದಗಿನಿಂದ ಕೊಪ್ಪಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ದೂರದಲ್ಲಿರುವ ಈ ಊರು ತನ್ನ ಗುಡಿಗಳಿಗೂ ಮೆಟ್ಟಿಲುಬಾವಿಗಳಿಗೂ ಹೆಸರಾದುದು. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ ಎಂದಿದೆ. ನೂರಾರು ವರ್ಷಗಳ ಕಾಲ ಜನರ ನಾಲಗೆಯ ಮೇಲೆ ಉರುಳಿ ಉರುಳಿ ಅದು ಲಕ್ಕುಂಡಿಯಾಯಿತು. ದೊಡ್ಡವರ ನಾಲಗೆಯೇ ಒಂದು ರಾಜಧಾನಿಯ ಹೆಸರನ್ನು ಹೀಗೆ ಸವೆಸಿರುವಾಗ, ಒಂದೂವರೆ ವರ್ಷದ ಕೂಸು ರೊಟ್ಟಿಗೆ "ಒಟ್ಟಿ" ಎಂದರೆ ಅದನ್ನು ತಪ್ಪೆಂದು ಎಣಿಸಬೇಕಾದುದಿಲ್ಲ.

ಮೊದಲು ಕಿವಿ, ಆಮೇಲೆ ಬಾಯಿ

ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರನ್ನು ಹೇಳುವ ಪದ್ಧತಿ ನಮ್ಮಲ್ಲಿದೆ. ಹಿರಿಯರು ಇದನ್ನು ಯಾವ ಭಾವನೆಯಿಂದ ಮಾಡಿದರೋ, ವಿಷಯ ಮಾತ್ರ ಸತ್ಯವಾಗಿದೆ: ಹೆಸರು ಮೊದಲು ಹೋಗುವುದು ಕಿವಿಗೆ. ವಾಸ್ತವವಾಗಿ ಗರ್ಭದಲ್ಲಿರುವಾಗಲೇ, ಸುಮಾರು ಆರು ತಿಂಗಳು ತುಂಬುವ ಹೊತ್ತಿಗೆ, ಶಿಶುವು ಶಬ್ದಕ್ಕೆ ಸ್ಪಂದಿಸತೊಡಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಇತರರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲದು. ತವರಿನಲ್ಲಿ ಬಾಣಂತನ ಮುಗಿಸಿ ಕೂಸನ್ನು ಗಂಡನ ಮನೆಗೆ ಕರೆತಂದಾಗ ಅದು ಹೊಸ ದನಿಗಳಿಗೆ ಬೆದರಿ ಅತ್ತರೆ ಮನೆಯವರು ಬೇಸರಪಡಬಾರದು. ಅದರ ಕಿವಿ ಚುರುಕಾಗಿದೆ ಎಂಬುದೇ ಅದರ ಅರ್ಥ.

ಎರಡು-ಮೂರು ತಿಂಗಳಲ್ಲಿ ಕೂಸು "ಊ... ಆ..." ಎಂದು ಸ್ವರ ತೆಗೆಯುತ್ತದೆ. ಆರನೆಯ ತಿಂಗಳ ಸುಮಾರಿಗೆ "ಬಬಬ", "ಮಮಮ", "ದದದ" ಎಂಬ ಸರಪಳಿಗಳು ಹುಟ್ಟುತ್ತವೆ. ಇವುಗಳಿಗೆ ಅರ್ಥವಿಲ್ಲ, ಆದರೆ ಹೊಲ ಬಿತ್ತುವ ಮುಂಚೆ ಹರಗುವುದಕ್ಕೆ ಬೆಲೆ ಇರುವಂತೆ ಇವುಗಳಿಗೂ ಬೆಲೆ ಇದೆ. ಒಂದು ವರ್ಷ ತುಂಬುವಾಗ ತನ್ನ ಹೆಸರು ಕರೆದರೆ ತಿರುಗುತ್ತದೆ, ಬೇಕಾದುದನ್ನು ಬೆರಳಿನಿಂದಲೋ ಕೈಚಾಚಿಯೋ ತೋರಿಸುತ್ತದೆ, ಒಂದೆರಡು ಅರ್ಥವುಳ್ಳ ಮಾತುಗಳನ್ನು ಆಡುತ್ತದೆ. ಎರಡು ವರ್ಷಕ್ಕೆ ಎರಡು ಮಾತು ಕೂಡಿಸುತ್ತದೆ: "ಅವ್ವಾ ಬಾ", "ಬುವ್ವಾ ಬ್ಯಾಡ". ಮೂರು ವರ್ಷ ತುಂಬುವ ವೇಳೆಗೆ ನೆರೆಮನೆಯವರಿಗೂ ಬಹುಮಟ್ಟಿಗೆ ತಿಳಿಯುವಂತೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಮಾತನಾಡುತ್ತದೆ. ಒಂದೆರಡು ತಿಂಗಳು ಹಿಂದುಮುಂದಾಗುವುದು ಸಹಜ. ಅಕ್ಕನ ಮಗು ಇಷ್ಟು ಹೊತ್ತಿಗೆ ಏನೇನು ಮಾತನಾಡುತ್ತಿತ್ತು ಎಂದು ಹೋಲಿಸಿ ಸೊಸೆಯನ್ನು ನೋಯಿಸುವುದು ಸರಿಯಲ್ಲ.

ಮೊದಲು ಬರುವ ಅಕ್ಷರಗಳು ಸಾಮಾನ್ಯವಾಗಿ ತುಟಿ ಕೂಡಿಸಿ ಆಡುವಂಥವು: ಪ, ಬ, ಮ. "ಅಪ್ಪಾ" ಬೇಗ ಬರುವುದಕ್ಕೆ ಇದೇ ಕಾರಣ. ತಾಯಂದಿರು ಇದನ್ನು ತಿಳಿದು ಸಮಾಧಾನ ತಂದುಕೊಳ್ಳಬಹುದು, ತಂದೆಯರು ಹೆಚ್ಚು ಬೀಗಬೇಕಾದುದಿಲ್ಲ. ಸ, ಶ, ರ, ಳ ಮೊದಲಾದವು ನಾಲಗೆಗೆ ಕಷ್ಟವಾದವು, ತಡವಾಗಿ ಬರುತ್ತವೆ. ರಾಜ "ಲಾಜ"ನಾಗುತ್ತಾನೆ, ಸಕ್ಕರೆ "ತಕ್ಕರೆ"ಯಾಗುತ್ತದೆ. ನಾಲ್ಕೈದು ವರ್ಷದ ತನಕ ಇಂಥ ತೊದಲು ಉಳಿದರೂ ಗಾಬರಿಯಾಗಬೇಕಿಲ್ಲ.

ಮನೆಗೆಲಸವೇ ಪಾಠ

"ಕೂಸಿಗೆ ಮಾತು ಕಲಿಸುತ್ತ ಕುಳಿತರೆ ಕೆಲಸ ಮಾಡುವವರು ಯಾರು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಳೆ ತೆಗೆಯುವ ಕಾಲದಲ್ಲಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆದರೆ ಮಾತು ಕಲಿಸಲು ಬೇರೆ ವೇಳೆ ಬೇಕಾಗಿಯೇ ಇಲ್ಲ. ಮಾಡುತ್ತಿರುವ ಕೆಲಸವನ್ನು ಬಾಯಿಬಿಟ್ಟು ಹೇಳುತ್ತ ಮಾಡಿದರೆ ಸಾಕು.

ಲಕ್ಕುಂಡಿಯ ಒಂದು ಅಡುಗೆಮನೆಯನ್ನು ಊಹಿಸಿಕೊಳ್ಳಿ. ತಾಯಿ ಜೋಳದ ರೊಟ್ಟಿ ತಟ್ಟುತ್ತಿದ್ದಾಳೆ. ಕೂಸು ಒಲೆಯಿಂದ ದೂರದಲ್ಲಿ ಕುಳಿತು ಅದನ್ನೇ ನೋಡುತ್ತಿದೆ. "ಒಟ್ಟಿ" ಎನ್ನುತ್ತದೆ.

"ಹೌದಪಾ, ರೊಟ್ಟಿ. ಬಿಸಿ ರೊಟ್ಟಿ. ಯಾರಿಗೆ ಬೇಕು ರೊಟ್ಟಿ?"

"ಅಜ್ಜ."

"ಅಜ್ಜಗ ರೊಟ್ಟಿ ಕೊಡೂಣು. ಮತ್ತ ನಿನಗ?"

"ನನಗ!"

ಇಷ್ಟೇ ಪಾಠ. ತಾಯಿ ಇಲ್ಲಿ ಮಾಡಿದ್ದೇನು ಎಂಬುದನ್ನು ಸೂಕ್ಷ್ಮವಾಗಿ ಗಮನಿಸಿ. "ಒಟ್ಟಿ ಅಲ್ಲ, ರೊಟ್ಟಿ ಅನ್ನು" ಎಂದು ಅವಳು ತಿದ್ದಲಿಲ್ಲ, ನಗಲೂ ಇಲ್ಲ. ಕೂಸು ಆಡಿದ ಒಂದು ಮಾತನ್ನು ಎತ್ತಿಕೊಂಡು, ಅದನ್ನು ಸರಿಯಾದ ರೂಪದಲ್ಲಿ ನಾಲ್ಕು ಸಲ ಕಿವಿಗೆ ಹಾಕಿದಳು. ಅದಕ್ಕೆ ಇನ್ನೊಂದು ಮಾತನ್ನು ಜೋಡಿಸಿದಳು. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದಳು. ಈ ಕಾಯುವುದು ಬಹಳ ಮುಖ್ಯ. ನಾವು ದೊಡ್ಡವರು ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮಗುವಿನ ಸರದಿ ಬರುವುದೇ ಇಲ್ಲ.

ಮಗುವು ಕೇವಲ ಗಿಳಿಯಂತೆ ಅನುಕರಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಓಡಿದ, ಹಾಡಿದ, ಮಾಡಿದ ಎಂಬ ಮಾತುಗಳನ್ನು ಕೇಳಿದ ಮಗು ಒಂದು ದಿನ "ಕೊಟ್ಟ" ಎನ್ನುವ ಬದಲು "ಕೊಡಿದ" ಎನ್ನಬಹುದು. ಇದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ತಾನು ಕೇಳಿದ ಮಾತುಗಳಿಂದ ಒಂದು ನಿಯಮವನ್ನು ತಾನೇ ಕಂಡುಹಿಡಿದು ಬಳಸಿದೆ. ಶಾಲೆಯ ಮೆಟ್ಟಿಲು ಹತ್ತದ ಮಗು ವ್ಯಾಕರಣ ರಚಿಸುತ್ತಿದೆ! "ಹೌದು, ಅಜ್ಜ ಕೊಟ್ಟ" ಎಂದು ನೀವು ಸಹಜವಾಗಿ ಹೇಳಿದರೆ, ಕಾಲಕ್ರಮದಲ್ಲಿ ಅದು ತಾನೇ ತಿದ್ದಿಕೊಳ್ಳುತ್ತದೆ. ಇಂಥ ಮಾತನ್ನು ಬಂದವರ ಮುಂದೆಲ್ಲ ಆಡಿಸಿ ನಗುವುದರಿಂದ ಕೆಲವು ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಪ್ರೀತಿಯ ನಗು ಬೇರೆ, ಅಣಕ ಬೇರೆ. ಎರಡು ವರ್ಷದ ಮಗುವಿಗೂ ಆ ಭೇದ ತಿಳಿಯುತ್ತದೆ.

ಈಗ ತಂದೆಯರಿಗೆ ಎರಡು ಮಾತು. ಹಿರಿಯರ ಎದುರಿನಲ್ಲಿ ತನ್ನ ಕೂಸನ್ನು ತಾನು ಎತ್ತಿಕೊಳ್ಳುವುದು, ಮುದ್ದಿಸುವುದು ಮರ್ಯಾದೆಯಲ್ಲ ಎಂಬ ಭಾವನೆ ನಮ್ಮ ಎಷ್ಟೋ ಮನೆಗಳಲ್ಲಿತ್ತು. ಕೆಲವು ಕಡೆ ಇನ್ನೂ ಇದೆ. ಅಣ್ಣನ ಮಗುವನ್ನು ಹೆಗಲ ಮೇಲೆ ಹೊತ್ತು ಊರು ಸುತ್ತುವವನು ತನ್ನ ಮಗುವನ್ನು ಕಂಡು ಸಂಕೋಚದಿಂದ ಮುಖ ತಿರುಗಿಸುತ್ತಾನೆ. ಈ ನಾಚಿಕೆಯನ್ನು ಬಿಡುವುದು ಒಳ್ಳೆಯದು. ಮಗು ತಾಯಿಯಿಂದ ಕಲಿಯುವ ಮಾತು ಬೇರೆ, ತಂದೆಯಿಂದ ಕಲಿಯುವ ಮಾತು ಬೇರೆ. ಕುಂಟೆ, ಕೂರಿಗೆ, ಮೊಳಕೆ, ಮೋಡ, ಎತ್ತಿನ ಕೊಂಬು, ಟ್ರ್ಯಾಕ್ಟರಿನ ಗಾಲಿ ಎಲ್ಲವೂ ಅಪ್ಪನ ಹೆಗಲ ಮೇಲೆ ಕುಳಿತ ಮಗುವಿಗೆ ಹೊಸ ಪಾಠಗಳು. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತು ಮಾಡುವಾಗ ಒಂದು ಹಿಡಿ ಹಸಿಮಣ್ಣನ್ನು ಮಗುವಿನ ಕೈಗೂ ಕೊಡಿ. ಅದು ಮಾಡಿದ್ದು ಎತ್ತಿನಂತೆ ಕಾಣದಿರಬಹುದು. ಆದರೆ ಅದಕ್ಕೆ ಕಣ್ಣೆಲ್ಲಿ, ಕೋಡೆಲ್ಲಿ, ಬಾಲವೆಲ್ಲಿ ಎಂದು ಕೇಳಿದರೆ ಮಗು ಎಲ್ಲವನ್ನೂ ತೋರಿಸುತ್ತದೆ.

ಬಿಡುವಿದ್ದ ದಿನ ಮಗುವನ್ನು ಊರ ಗುಡಿಯ ಅಂಗಳಕ್ಕೆ ಕರೆದೊಯ್ಯಿರಿ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಮುಖ ಎಷ್ಟು, ಮೂಗು ಎಷ್ಟು ಎಂದು ಎಣಿಸುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಸ್ಥಳ ದೊರೆಯದು. ನಾಲ್ಕು ಬಾಯಿಯ ಬ್ರಹ್ಮನು ಸುಮ್ಮನೆ ನಿಂತಿರುತ್ತಾನೆ. ಒಂದೇ ಬಾಯಿಯ ನಿಮ್ಮ ಮಗು ಹಿಂದಿರುಗುವ ತನಕ ಮಾತು ನಿಲ್ಲಿಸುವುದಿಲ್ಲ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದವಳು ಇದೇ ಅತ್ತಿಮಬ್ಬೆ. ಕನ್ನಡ ನುಡಿಗೆ ಅಷ್ಟು ವೆಚ್ಚ ಮಾಡಿದವಳ ಊರಿನಲ್ಲಿ ಮಕ್ಕಳ ಮಾತಿಗೆ ದಿನಕ್ಕೆ ಅರ್ಧ ತಾಸು ವೆಚ್ಚ ಮಾಡುವುದು ದೊಡ್ಡದಲ್ಲ. ಮೆಟ್ಟಿಲುಬಾವಿಗಳ ಬಳಿಗೆ ಹೋದಾಗ ಮಾತ್ರ ಮಗುವಿನ ಕೈಯನ್ನು ಒಂದು ಕ್ಷಣವೂ ಬಿಡಬಾರದು.

ಮನೆಯ ಭಾಷೆಯ ವಿಚಾರದಲ್ಲಿಯೂ ಕೆಲವರಿಗೆ ಸಂದೇಹವಿದೆ. ತಾಂಡಾಗಳಲ್ಲಿ ಲಂಬಾಣಿ ನುಡಿ, ಕೆಲವು ಮನೆಗಳಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ. ಇದರಿಂದ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದೆಯೆಂದು ಹೆದರುತ್ತಾರೆ. ಹಾಗೇನೂ ಇಲ್ಲ. ಎರಡು ಭಾಷೆಗಳನ್ನು ಒಟ್ಟಿಗೆ ಕೇಳಿ ಬೆಳೆದ ಮಕ್ಕಳು ಎರಡನ್ನೂ ಕಲಿಯುತ್ತಾರೆ. ಕೆಲವು ದಿನ ಒಂದರ ಮಾತನ್ನು ಇನ್ನೊಂದರಲ್ಲಿ ಬೆರೆಸಬಹುದು, ಅಷ್ಟೆ. ತಾಯಿಗೆ ಯಾವ ಭಾಷೆ ಹೃದಯದಿಂದ ಬರುತ್ತದೆಯೋ ಅದರಲ್ಲಿಯೇ ಅವಳು ಮಾತನಾಡತಕ್ಕದ್ದು. ಬಾರದ ಇಂಗ್ಲಿಷಿನ ನಾಲ್ಕು ಶಬ್ದಗಳಿಗಿಂತ ಬರುವ ಭಾಷೆಯ ನಾಲ್ಕು ಕಥೆಗಳು ಮೇಲು.

ಮೊಬೈಲು ಹಿಡಿಸಿದರೆ ಕೂಸು ಸುಮ್ಮನಾಗುತ್ತದೆ ಎಂಬುದು ನಿಜ. ಸುಮ್ಮನಾಗುವುದೇ ಅದರ ತೊಂದರೆ. ಅದರಲ್ಲಿನ ಬೊಂಬೆ ಎಷ್ಟು ಮಾತನಾಡಿದರೂ ಮಗುವಿನ "ಒಟ್ಟಿ"ಗೆ ಉತ್ತರ ಕೊಡಲಾರದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಯಂತೆ ಒಂದು ವರ್ಷದ ಮಗುವಿಗೂ ಅದಕ್ಕಿಂತ ಚಿಕ್ಕ ಕೂಸಿಗೂ ಪರದೆಯ ಎದುರು ಕುಳಿತು ಕಾಲ ಕಳೆಯುವುದು ಸಲ್ಲದು. ಎರಡು ವರ್ಷ ತುಂಬಿದ ಮೇಲೂ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ. ಗೋವೆಗೋ ಮಂಗಳೂರಿಗೋ ದುಡಿಯಲು ಗುಳೆ ಹೋದ ತಂದೆಯು ರಾತ್ರಿ ಕರೆ ಮಾಡಿ ಮಗುವಿನ ಮುಖ ನೋಡಿ ಮಾತನಾಡಿಸುವುದು ಬೇರೆ ವಿಷಯ. ಅಲ್ಲಿ ಕೇಳುವವರೂ ಇದ್ದಾರೆ, ಉತ್ತರ ಕೊಡುವವರೂ ಇದ್ದಾರೆ. ಅದನ್ನು ತಪ್ಪಿಸಬೇಡಿರಿ.

ತಿರುಗಿ ನೋಡುವ ಕೂಸಿಗೆಲ್ಲ ಕಿವಿ ಕೇಳುತ್ತದೆಯೇ?

ಈವರೆಗೆ ಹೇಳಿದ್ದು ಸಂತೋಷದ ಮಾತು. ಇನ್ನು ಹೇಳುವುದನ್ನು ದಯವಿಟ್ಟು ಎರಡು ಸಲ ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೀವೆಲ್ಲ ಬಲ್ಲಿರಿ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರಾಗಿದ್ದರು. ಆದರೂ ಸಂಗೀತದಲ್ಲಿ ಪಂಡಿತರಾದರು. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಕಣ್ಣಿಲ್ಲದ ಮಗುವಿಗೂ ಕಿವಿಯ ದಾರಿಯಿಂದ ಮಾತು ಬರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಇಷ್ಟು ದೊಡ್ಡ ನಿದರ್ಶನವಿದೆ. ಆದರೆ ಕಿವಿ ಕೇಳದ ಮಗುವಿಗೆ ಕಣ್ಣು ಎಷ್ಟೇ ಚುರುಕಾಗಿದ್ದರೂ ಆಡುಮಾತು ತಾನಾಗಿ ಬರುವುದಿಲ್ಲ. ಮತ್ತು ಕಣ್ಣು ಕಾಣದಿರುವುದು ಮನೆಯವರಿಗೆ ಬೇಗ ತಿಳಿಯುತ್ತದೆ. ಕಿವಿ ಕೇಳದಿರುವುದು ಎಷ್ಟೋ ಮನೆಗಳಲ್ಲಿ ಎರಡು-ಮೂರು ವರ್ಷವಾದರೂ ತಿಳಿಯುವುದಿಲ್ಲ.

ಏಕೆ ತಿಳಿಯುವುದಿಲ್ಲ? ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕೂಸು ಗುಂಡುಗುಂಡಾಗಿದೆ, ನಗುತ್ತದೆ, ಮೂರು ತಿಂಗಳಲ್ಲಿ "ಆ, ಊ" ಎಂದಿದೆ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಹೀಗೆ ಸ್ವರ ತೆಗೆಯುತ್ತದೆ ಎಂಬುದು ಮನೆಯವರಿಗೆ ಗೊತ್ತಿಲ್ಲ. ಒಂಬತ್ತನೆಯ ತಿಂಗಳಲ್ಲಿ ಆ ಸ್ವರಗಳು ಹೆಚ್ಚುವ ಬದಲು ಕಡಿಮೆಯಾಗುತ್ತವೆ. "ಸಂಭಾವಿತ ಕೂಸು, ಗದ್ದಲ ಇಲ್ಲ" ಎಂದು ಎಲ್ಲರೂ ಮೆಚ್ಚುತ್ತಾರೆ. ತಾಯಿಗೆ ಒಂದು ದಿನ ಅನುಮಾನ ಬರುತ್ತದೆ. ಅತ್ತೆ ಒಂದು ತಟ್ಟೆ ತಂದು ಕೂಸಿನ ಹಿಂದೆ ನೆಲಕ್ಕೆ ಬಡಿಯುತ್ತಾಳೆ. ಕೂಸು ಥಟ್ಟನೆ ತಿರುಗುತ್ತದೆ. "ನೋಡು, ಕಿವಿ ಚಲೋ ಅದಾವ!" ಮನೆಯವರ ಚಿಂತೆ ಅಲ್ಲಿಗೆ ಮುಗಿಯಿತು. ಕೂಸು ತಿರುಗಿದ್ದು ತಟ್ಟೆಯ ಸದ್ದಿಗಲ್ಲ, ನೆಲದ ಅದುರಿಗೆ. ಬಾಗಿಲು ಬಡಿದರೆ ಗಾಳಿ ಬೀಸುತ್ತದೆ, ಚಪ್ಪಾಳೆ ತಟ್ಟಿದರೆ ನೆರಳು ಅಲುಗುತ್ತದೆ, ಲಾರಿ ಬಂದರೆ ಮನೆಯೇ ನಡುಗುತ್ತದೆ. ಕೇಳದ ಕೂಸು ಇವೆಲ್ಲವನ್ನೂ ಇತರ ಮಕ್ಕಳಿಗಿಂತ ಚುರುಕಾಗಿ ಗಮನಿಸುತ್ತದೆ. ಒಂದೂವರೆ ವರ್ಷವಾಗುತ್ತದೆ. "ಗಂಡು ಹುಡುಗರು ಮಾತಾಡೂದು ತಡ." ಎರಡು ವರ್ಷವಾಗುತ್ತದೆ. "ಇವರಪ್ಪನೂ ಹಿಂಗ ಇದ್ದ, ಮೂರು ವರ್ಷಕ್ಕ ಬಾಯಿ ಬಿಟ್ಟ." ಹೀಗೆ ಸಮಾಧಾನದ ಮಾತುಗಳಲ್ಲಿ ಮಾತು ಕಲಿಯುವ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೂ ನಷ್ಟವಾದದ್ದು ಮಗುವಿಗೆ.

ಆದುದರಿಂದ ಮನೆಯಲ್ಲಿ ನೋಡುವುದಾದರೆ ಹೀಗೆ ನೋಡಿರಿ. ಆರು ತಿಂಗಳು ದಾಟಿದ ಕೂಸನ್ನು ಒಬ್ಬರು ತೊಡೆಯ ಮೇಲೆ ಕೂರಿಸಿಕೊಂಡು ಆಟದಲ್ಲಿ ತೊಡಗಿಸಲಿ. ಇನ್ನೊಬ್ಬರು ಹಿಂಬದಿಗೆ, ಒಂದು ಪಕ್ಕಕ್ಕೆ, ಎರಡು ಮೊಳ ದೂರದಲ್ಲಿ ನಿಲ್ಲಲಿ. ನೆರಳು ಬೀಳಬಾರದು, ನೆಲ ಅದುರಬಾರದು, ಬಳೆಯ ಕೈ ಅದರ ಕಣ್ಣಿಗೆ ಕಾಣಬಾರದು. ಮೆಲ್ಲಗೆ ಹೆಸರು ಕರೆಯಲಿ, ಅಥವಾ ಬಟ್ಟಲಿನ ಅಂಚಿಗೆ ಚಮಚವನ್ನು ಮೃದುವಾಗಿ ತಾಗಿಸಲಿ. ಬಳಿಕ ಇನ್ನೊಂದು ಪಕ್ಕದಿಂದಲೂ ಹಾಗೆಯೇ ಮಾಡಲಿ. ಶಾಂತವಾದ ಮನೆಯಲ್ಲಿ, ಬೇರೆ ಬೇರೆ ದಿನ ಮಾಡಿದರೂ ಕೂಸು ತಿರುಗದಿದ್ದರೆ ಪರೀಕ್ಷೆ ಮಾಡಿಸಬೇಕು. ತಿರುಗಿದರೂ ನಿಮ್ಮ ಮನಸ್ಸಿನ ಸಂಶಯ ಹೋಗದಿದ್ದರೆ ಆಗಲೂ ಮಾಡಿಸಬೇಕು. ತಾಯಿಯ ಸಂಶಯವನ್ನು ಯಾರೂ ಹಗುರವಾಗಿ ಕಾಣಬಾರದು. ಕೂಸನ್ನು ಅವಳಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ.

ಒಂದು ವರ್ಷವಾದರೂ ಹೆಸರಿಗೆ ತಿರುಗದಿರುವುದು, ಕೈಸನ್ನೆಯಿಂದಲೂ ಏನನ್ನೂ ತೋರಿಸದಿರುವುದು, ಹದಿನಾರು ತಿಂಗಳಾದರೂ ಒಂದೂ ಮಾತು ಬಾರದಿರುವುದು, ಎರಡು ವರ್ಷಕ್ಕೆ ಎರಡು ಮಾತು ಕೂಡದಿರುವುದು, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ಹಿಂದೆ ಸರಿಯುವುದು: ಇವು ಕಾಯಬೇಕಾದ ಲಕ್ಷಣಗಳಲ್ಲ, ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಕಿವಿ ಚೆನ್ನಾಗಿದ್ದು ಬೇರೆ ಕಾರಣದಿಂದ ಮಾತು ತಡವಾಗುವುದೂ ಉಂಟು. ಅದನ್ನು ನಿರ್ಣಯಿಸುವುದು ಪರೀಕ್ಷೆಯಿಂದಲೇ ಸಾಧ್ಯ.

ಪರೀಕ್ಷೆಗೆ ಅಂಜಬೇಕಾದುದಿಲ್ಲ. ಮಲಗಿರುವ ಕೂಸಿನ ಕಿವಿಯಲ್ಲಿ ಮೆತ್ತನೆಯ ಸಣ್ಣ ನಳಿಗೆಯನ್ನಿಟ್ಟು ಯಂತ್ರದಿಂದ ನೋಡುತ್ತಾರೆ. ಕೆಲವೇ ನಿಮಿಷ, ನೋವಿಲ್ಲ, ಸೂಜಿಯಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದ್ದರೆ ಮನೆಗೆ ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಇಟ್ಟುಕೊಂಡಿರುವ ಗುರಿ. ಆ ಅವಧಿ ಮೀರಿದವರು ಕೈಚೆಲ್ಲಬಾರದು, ಇಂದೇ ಹೊರಡಬೇಕು.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ವ್ಯವಸ್ಥೆಯಿದೆ. ಆ ದಿನ ಯಾವುದೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ತಿಳಿದು, ಕೂಲಿ ಬಿಟ್ಟಾದರೂ ಮಗುವನ್ನು ಕರೆದೊಯ್ಯಿರಿ. ಲಕ್ಕುಂಡಿಯವರಿಗೆ ಗದಗ ದೂರವಲ್ಲ. ಅಲ್ಲಿ 2015ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಹೆಚ್ಚಿನ ಪರೀಕ್ಷೆಗೂ ತರಬೇತಿಗೂ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶ್ರವಣಯಂತ್ರದಿಂದಲೋ, ಅಗತ್ಯವಿದ್ದವರಿಗೆ ಒಳಗಿವಿಯ ಶಸ್ತ್ರಚಿಕಿತ್ಸೆಯಿಂದಲೋ ಬಹಳಷ್ಟು ಮಕ್ಕಳು ಕೇಳಿ ಮಾತು ಕಲಿಯುತ್ತಾರೆ. ಇದಕ್ಕೆ ಸರ್ಕಾರದ ನೆರವೂ ಉಂಟು. ಸನ್ನೆ ಭಾಷೆಯೂ ಪೂರ್ಣವಾದ ಭಾಷೆಯೇ. ಅದನ್ನು ಕಲಿತು ಓದಿ ಉದ್ಯೋಗ ಹಿಡಿದವರು ಅನೇಕರಿದ್ದಾರೆ. "ಮೂಕ" ಎಂದು ಮೂಲೆಯಲ್ಲಿ ಕೂರಿಸುವುದು ಮಾತ್ರ ಯಾವ ಮಗುವಿಗೂ ಆಗಬಾರದು.

ಕಿವಿಯ ದೋಷಕ್ಕೆ ಕೆಲವು ಕಾರಣಗಳನ್ನು ತಡೆಯಬಹುದು. ಬಸುರಿಯಿದ್ದಾಗ ರುಬೆಲ್ಲಾ ಎಂಬ ಜ್ವರ ತಗುಲಿದರೆ ಕೂಸು ಕಿವುಡಾಗಿ ಹುಟ್ಟುವ ಸಂಭವವಿದೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಈಗ ಆ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಮ್ಮೆ ಹಾಕುತ್ತಾರೆ. ಹೆಣ್ಣುಮಗುವಿಗೆ ಇಂದು ಹಾಕಿಸಿದ ಈ ಲಸಿಕೆ ನಾಳೆ ಅವಳ ಮಗುವಿನ ಕಿವಿಯನ್ನೂ ಕಾಯುತ್ತದೆ. ಹುಟ್ಟಿದ ಕೂಸಿಗೆ ಕಾಮಾಲೆ ಏರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕಿವಿ ಸೋರುತ್ತಿದ್ದರೆ "ಬೆಳೆದರೆ ಹೋಗುತ್ತದೆ" ಎಂದು ಬಿಡಬಾರದು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿ ನಮ್ಮ ಭಾಗದಲ್ಲಿ ಹಿಂದಿನಿಂದ ಬಂದಿದೆ. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಈಗಾಗಲೇ ಹಾಗೆ ಮದುವೆಯಾದ ದಂಪತಿಗಳು ತಮ್ಮನ್ನು ತಾವು ಹಳಿದುಕೊಳ್ಳಬೇಕಾದುದಿಲ್ಲ. ಕೂಸಿನ ಕಿವಿಯನ್ನು ಮೊದಲ ತಿಂಗಳಲ್ಲಿಯೇ ಪರೀಕ್ಷೆ ಮಾಡಿಸಿದರೆ ಸಾಕು.

ಬಜೆ, ಜೇನು, ಎಣ್ಣೆ

ಮಾತು ಬೇಗ ಬರಲೆಂದು ಬಜೆಯ ಬೇರನ್ನು ತೇಯ್ದು ನಾಲಗೆಗೆ ಸವರುವ ರೂಢಿ ಅನೇಕ ಮನೆಗಳಲ್ಲಿದೆ. ಇದರಿಂದ ಮಾತು ಬರುವುದಿಲ್ಲ. ಎಳೆಯ ಕೂಸಿಗೆ ವಾಂತಿಯಾಗುವ ಅಪಾಯವಿದೆ. ಜೇನುತುಪ್ಪವನ್ನು ಒಂದು ವರ್ಷ ತುಂಬುವ ತನಕ ನೆಕ್ಕಿಸಬಾರದು. ಸ್ನಾನಕ್ಕೆ ಮುಂಚೆ ಕಿವಿಗೆ ಎಣ್ಣೆ ಹೊಯ್ಯುವುದನ್ನೂ ಬಿಡಬೇಕು. ನಾಲಗೆಯ ಕೆಳಗಿನ ಪೊರೆಯನ್ನು ಕೊಯ್ಸಿದರೆ ಮಾತು ಬರುತ್ತದೆಂದು ಯಾರಾದರೂ ಹೇಳಿದರೆ ಮೊದಲು ವೈದ್ಯರನ್ನು ಕೇಳಿರಿ. ಅದು ಬೇಕಾಗುವುದು ಅಪರೂಪ. ಇಷ್ಟೆಲ್ಲ ಮಾಡುವ ಅಜ್ಜಿಯರ ಮನಸ್ಸು ಒಳ್ಳೆಯದು. ಅವರಿಗೆ ಬಜೆಯ ಬದಲು ಕಥೆ ಹೇಳುವ ಕೆಲಸವನ್ನು ಒಪ್ಪಿಸಿರಿ. ಗುಬ್ಬಿಯ ಕಥೆ, ಕಾಗೆಯ ಕಥೆ, ಚಂದಪ್ಪನ ಕಥೆಗಳಲ್ಲಿ ಅವರನ್ನು ಮೀರಿಸುವ ಔಷಧಿ ಯಾವ ಅಂಗಡಿಯಲ್ಲಿಯೂ ಇಲ್ಲ.

ಎರಡನೆಯ ಮಗುವಿನ ವಿಚಾರ

ಮಗುವು ಬಹಳ ಪ್ರಶ್ನೆ ಕೇಳತೊಡಗುವುದು ಎರಡರಿಂದ ಮೂರು ವರ್ಷದ ಸುಮಾರಿಗೆ. "ಅದೇನು? ಯಾಕ? ಎಲ್ಲಿ ಹೋತು?" ದಿನಕ್ಕೆ ನೂರು ಸಲ. ಅದೇ ವೇಳೆಗೆ ತಾಯಿ ಮತ್ತೆ ತುಂಬುಗರ್ಭಿಣಿಯಾಗಿದ್ದರೆ, ಅಥವಾ ಹ್ಯಾಗೋ ಹೆತ್ತು ರಕ್ತಹೀನತೆಯಿಂದ ಸೊರಗಿದ್ದರೆ, ಆ ನೂರು ಪ್ರಶ್ನೆಗಳಿಗೆ "ಸುಮ್ಮನಿರು" ಎಂಬ ಒಂದೇ ಉತ್ತರ ಬರುತ್ತದೆ. ತಪ್ಪು ಅವಳದಲ್ಲ. ಎರಡು ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷ ಅಂತರವಿರಲಿ ಎಂದು ಇಲಾಖೆಯು ಹೇಳುವುದು ತಾಯಿಯ ದೇಹಕ್ಕಾಗಿ. ದೊಡ್ಡ ಮಗುವಿನ ಮಾತಿಗಾಗಿಯೂ ಅದು ಒಳ್ಳೆಯದು. ಕಾಪರ್-ಟಿ, ನುಂಗುವ ಮಾತ್ರೆ, ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು, ನಿರೋಧ್ ಇವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ಗಂಡ-ಹೆಂಡತಿ ಇಬ್ಬರೂ ಕೂಡಿ ಹೋಗಿ ವಿಚಾರಿಸಿರಿ.

ಇನ್ನೊಂದು ಸಣ್ಣ ಕೆಲಸ. ನಿಮ್ಮ ಮನೆಯಲ್ಲಿ ತಾಯಿ ಕಾರ್ಡು ಇದೆ. ಲಸಿಕೆ ಹಾಕಿಸಿದ ದಿನಾಂಕಗಳನ್ನು ಅದರಲ್ಲಿ ಬರೆದಿರುತ್ತಾರೆ. ಅದರೊಳಗೆ ಒಂದು ಬಿಳಿಯ ಹಾಳೆಯನ್ನಿಟ್ಟು, ಮಗು ಹೆಸರಿಗೆ ತಿರುಗಿದ ದಿನ, ಮೊದಲ ಮಾತು ಆಡಿದ ದಿನ, ಎರಡು ಮಾತು ಕೂಡಿಸಿದ ದಿನ, ಆ ಮಾತುಗಳು ಯಾವುವು ಎಂಬುದನ್ನು ಬರೆದಿಡಿರಿ. ಬರೆಯಲು ಬಾರದಿದ್ದರೆ ಓಣಿಯ ಶಾಲೆಯ ಹುಡುಗಿಯಿಂದ ಬರೆಸಿರಿ. "ಒಟ್ಟಿ" ಎಂದದ್ದನ್ನು "ಒಟ್ಟಿ" ಎಂದೇ ಬರೆಸಿರಿ, ತಿದ್ದಿಸಬೇಡಿರಿ. ಆಶಾ ಕಾರ್ಯಕರ್ತೆ ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ಆ ಹಾಳೆಯನ್ನು ಅವಳಿಗೆ ತೋರಿಸಿರಿ. ಮಗುವಿಗೆ ವರ್ಷ ತುಂಬಿದರೂ ಅದು ಖಾಲಿಯಿದ್ದರೆ ಅವಳು ಬರುವ ತನಕ ಕಾಯದೆ ನೀವೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿರಿ.